ವೇಗದೇವತೆಗೆ ನೈವೇದ್ಯ

ಪ್ರವೇಶ

ಕೆಟ್ಟ ಯಂತ್ರವನ್ನು ಎಸೆದು ಹೊಸದನ್ನು ತರುವುದು ಇಂದಿನ ವಾಡಿಕೆ. ಹಾಗೆ ಮಾಡದೆ, ಹಳೆಯ ಮೋಟಾರು ಸೈಕಲ್ಲೊಂದನ್ನು ನಾಲ್ಕು ದಶಕಗಳಿಗೂ ಮಿಕ್ಕ ಕಾಲ ತನ್ನ ಕೈಯಿಂದಲೇ ಮತ್ತೆ ಮತ್ತೆ ಕಟ್ಟಿ, ಜಗತ್ತು ಬೆರಗಾಗುವಂತೆ ಓಡಿಸಿದ ಒಬ್ಬ ಸಾಮಾನ್ಯ ಮೆಕ್ಯಾನಿಕನ ಸಾಧನೆಯನ್ನು ಈ ಪಾಠ ಪರಿಚಯಿಸುತ್ತದೆ.

ಪಾಠ

ಮಣ್ಣು ಮಿದುವಾದ ವಸ್ತು; ಕೈ ಹೇಳಿದಂತೆ ಕೇಳುತ್ತದೆ. ಮರ ಸ್ವಲ್ಪ ಗಡುಸು; ಆದರೂ ಉಳಿಗೆ ಮಣಿಯುತ್ತದೆ. ಲೋಹ ಹಾಗಲ್ಲ. ಅದನ್ನು ಬೆಂಕಿಯಲ್ಲಿ ಬೇಯಿಸಬೇಕು, ಬಡಿಯಬೇಕು, ಕರಗಿಸಬೇಕು, ಅರದಿಂದ ಉಜ್ಜಬೇಕು. ಇಷ್ಟಾದ ಮೇಲೂ ಅದು ತನ್ನ ಒಳಗಿನ ಒಂದು ಸಣ್ಣ ಬಿರುಕನ್ನು ಬಚ್ಚಿಟ್ಟುಕೊಂಡು, ನಾವು ಅದನ್ನು ಪೂರ್ತಿಯಾಗಿ ನಂಬಿದ ಗಳಿಗೆಯಲ್ಲಿ ಕೈಕೊಡಬಹುದು. ಆದ್ದರಿಂದಲೇ ಕಮ್ಮಾರನೂ ಕಂಚುಗಾರನೂ ಲೋಹದ ಬಣ್ಣವನ್ನು ನೋಡಿ, ಅದರ ನಾದವನ್ನು ಕೇಳಿ ಕೆಲಸ ಮಾಡುವುದನ್ನು ರೂಢಿಸಿಕೊಂಡರು. ಪುಸ್ತಕವನ್ನು ಓದಿದ ಮಾತ್ರಕ್ಕೆ ಬರುವ ವಿದ್ಯೆ ಅದಲ್ಲ. ಕೈಯಿಂದ ಕೈಗೆ, ತಪ್ಪಿನಿಂದ ತಪ್ಪಿಗೆ ಸಾಗಿ ಬರುವ ವಿದ್ಯೆ.

ಇಂದು ನಾವು ಬಳಸುವ ಯಂತ್ರಗಳಲ್ಲಿ ಬಹುಪಾಲು ಮುಚ್ಚಿದ ಪೆಟ್ಟಿಗೆಗಳು. ಗುಂಡಿಯನ್ನು ಒತ್ತಿದರೆ ಕೆಲಸ ಮಾಡುತ್ತವೆ. ಕೆಟ್ಟರೆ ಒಂದು ಭಾಗವನ್ನು ತೆಗೆದು ಇನ್ನೊಂದನ್ನು ಕೂಡಿಸುತ್ತೇವೆ. ಅದು ತಪ್ಪೆಂದು ಹೇಳುವಂತಿಲ್ಲ. ಕಾಲ ಉಳಿಯುತ್ತದೆ, ಶ್ರಮ ಉಳಿಯುತ್ತದೆ. ಆದರೆ ಯಂತ್ರವನ್ನು ಬಳಸುವುದು ಬೇರೆ, ಯಂತ್ರವನ್ನು ಬಲ್ಲವನಾಗುವುದು ಬೇರೆ. ಈ ಎರಡರ ನಡುವಣ ಅಂತರವನ್ನು ತಿಳಿಯಬೇಕಾದರೆ, ಹಳೆಯ ವಾಹನಗಳನ್ನು ಸ್ವಂತ ಕೈಯಿಂದ ಪುನಃ ಕಟ್ಟಿದವರ ಕಥೆಯನ್ನು ಕೇಳಬೇಕು.

ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ 1930ರ ದಶಕದಲ್ಲಿ ಇಂಥದೊಂದು ಹವ್ಯಾಸ ಬೆಳೆಯಿತು. ಹಣವಿಲ್ಲದ ತರುಣರು ಹಳೆಯ ಫೋರ್ಡ್ ಕಾರುಗಳನ್ನು ಅಗ್ಗದ ಬೆಲೆಗೆ ಕೊಂಡು, ಭಾರವಾದ ಮಡ್‌ಗಾರ್ಡುಗಳನ್ನು ಕಿತ್ತು, ಎಂಜಿನ್ನನ್ನು ಬಿಚ್ಚಿ ತಿದ್ದಿ, ಬೇಕಾದ ಭಾಗಗಳನ್ನು ತಾವೇ ತಯಾರಿಸಿ ಜೋಡಿಸುತ್ತಿದ್ದರು. ನೀರು ಬತ್ತಿ ಗಟ್ಟಿಯಾದ ಕೆರೆಗಳ ಅಂಗಳವೇ ಅವರ ಓಟದ ಮೈದಾನ. ಹೀಗೆ ಕಟ್ಟಿದ ಕಾರುಗಳಿಗೆ ಮುಂದೆ ‘ಹಾಟ್ ರಾಡ್’ ಎಂಬ ಹೆಸರು ಬಂದಿತು. 1937ರಲ್ಲಿ ಈ ಹವ್ಯಾಸಿಗಳ ಕ್ಲಬ್ಬುಗಳು ಸೇರಿ, ಓಟದ ಕಾಲವನ್ನು ಕ್ರಮವಾಗಿ ಅಳೆಯಲು ಒಂದು ಸಂಘವನ್ನು ಸ್ಥಾಪಿಸಿದವು. 1946ರಲ್ಲಿ ಬಿಲ್ ಬರ್ಕ್ ಎಂಬವನು ಯುದ್ಧವಿಮಾನದ ಹೊಟ್ಟೆಯಡಿಯಲ್ಲಿ ತೂಗುಬಿಡುತ್ತಿದ್ದ ಇಂಧನದ ತೊಟ್ಟಿಯೊಂದನ್ನು ತಂದು, ಅದನ್ನೇ ಕಾರಿನ ಮೈಯಾಗಿ ಮಾಡಿಕೊಂಡನು. ಯುದ್ಧಕ್ಕೆಂದು ಮಾಡಿದ ಲೋಹವು ಆಟಕ್ಕೆ ಒದಗಿತು. 1949ರಲ್ಲಿ ಆ ಸಂಘವು ಯೂಟಾ ಸಂಸ್ಥಾನದ ಬಾನ್ನೆವಿಲ್ ಎಂಬ ಉಪ್ಪಿನ ಬಯಲಿನಲ್ಲಿ ‘ವೇಗದ ವಾರ’ವನ್ನು ನಡೆಸಿತು. ಅಂದಿನಿಂದ ಆ ಬಿಳಿಯ ಬಯಲು, ಕೈಯಾರೆ ಯಂತ್ರ ಕಟ್ಟುವವರಿಗೆ ಯಾತ್ರಾಸ್ಥಳವಾಯಿತು.

ಆ ಯಾತ್ರೆಗೆ ಸಾಗರವನ್ನು ದಾಟಿ ಬಂದವರಲ್ಲಿ ಬರ್ಟ್ ಮನ್ರೋ ಒಬ್ಬನು. ಅವನು ತಂದುದು ಕಾರನ್ನಲ್ಲ, ಮೋಟಾರು ಸೈಕಲ್ಲನ್ನು. ಆದರೆ ಅದರ ಹಿಂದಿದ್ದ ಮನೋಧರ್ಮ ಒಂದೇ.

ಮನ್ರೋ 1899ರ ಮಾರ್ಚ್ 25ರಂದು ನ್ಯೂಜಿಲೆಂಡಿನ ದಕ್ಷಿಣದ ತುದಿಯಲ್ಲಿರುವ ಇನ್ವರ್‌ಕಾರ್ಗಿಲ್ ಎಂಬ ಊರಿನಲ್ಲಿ ಜನಿಸಿದನು. ರೈತರ ಮಗ. ಬಾಲ್ಯದಿಂದಲೂ ಅವನಿಗೆ ವೇಗದ ಹುಚ್ಚು. ಹೊಲದಲ್ಲಿದ್ದ ಕುದುರೆಗಳಿಂದ ಆರಂಭವಾದ ಆ ಹುಚ್ಚು ಮುಂದೆ ಯಂತ್ರಗಳತ್ತ ತಿರುಗಿತು. 1920ರಲ್ಲಿ ಅವನು ‘ಇಂಡಿಯನ್ ಸ್ಕೌಟ್’ ಎಂಬ ಮೋಟಾರು ಸೈಕಲ್ಲನ್ನು ಕೊಂಡನು. ಹೆಸರಿನಲ್ಲಿ ‘ಇಂಡಿಯನ್’ ಎಂದಿದ್ದರೂ ಅದಕ್ಕೂ ನಮ್ಮ ದೇಶಕ್ಕೂ ಸಂಬಂಧವಿಲ್ಲ. ಅದು ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ನಗರದಲ್ಲಿ ತಯಾರಾಗುತ್ತಿದ್ದ ಯಂತ್ರ. ಆ ಹೆಸರು ಅಲ್ಲಿನ ಮೂಲನಿವಾಸಿಗಳನ್ನು ನೆನಪಿಸುವಂಥದು. ಅದರ ಎಂಜಿನ್ನಿಗೆ ಎರಡು ಸಿಲಿಂಡರುಗಳಿದ್ದವು. ಗಾತ್ರ 600 ಘನ ಸೆಂಟಿಮೀಟರು. ಗರಿಷ್ಠ ವೇಗ ಗಂಟೆಗೆ 55 ಮೈಲಿ, ಎಂದರೆ ಸುಮಾರು 89 ಕಿಲೋಮೀಟರು. ಅಂದಿನ ದಿನಕ್ಕೆ ಅದು ಸೊಗಸಾದ ವಾಹನವೇ ಸರಿ. ಆದರೆ ಮನ್ರೋವಿಗೆ ತೃಪ್ತಿಯಾಗಲಿಲ್ಲ. 1926ರಲ್ಲಿ ಅವನು ಅದನ್ನು ಬಿಚ್ಚಿ ತಿದ್ದಲು ತೊಡಗಿದನು. ಆ ಕೆಲಸ ಅವನ ಬಾಳಿನ ಕೊನೆಯ ಘಟ್ಟದವರೆಗೂ ಮುಗಿಯಲಿಲ್ಲ.

ಅವನು ಶ್ರೀಮಂತನಲ್ಲ. ಹೊಟ್ಟೆಪಾಡಿಗಾಗಿ ಮೋಟಾರು ಸೈಕಲ್ಲುಗಳನ್ನು ಮಾರುವ ಮತ್ತು ದುರಸ್ತಿ ಮಾಡುವ ಕೆಲಸದಲ್ಲಿದ್ದನು. ಹಗಲು ದುಡಿಮೆ, ರಾತ್ರಿ ತನ್ನ ಯಂತ್ರದ ಸೇವೆ. ಎಷ್ಟೋ ರಾತ್ರಿಗಳು ನಿದ್ರೆಯಿಲ್ಲದೆ ಕಳೆದು, ಬೆಳಗಾದೊಡನೆ ಅವನು ಮತ್ತೆ ಕೆಲಸಕ್ಕೆ ಹೋಗುತ್ತಿದ್ದುದುಂಟು. ಬೇಕಾದ ಭಾಗಗಳನ್ನು ಕೊಳ್ಳಲು ಹಣವಿರಲಿಲ್ಲ. ಅವನಿಗೆ ಬೇಕಾದಂಥ ಭಾಗಗಳು ಯಾವ ಅಂಗಡಿಯಲ್ಲೂ ದೊರೆಯುತ್ತಲೂ ಇರಲಿಲ್ಲ. ಹಾಗಾಗಿ ಎಲ್ಲವನ್ನೂ ತಾನೇ ಮಾಡಿಕೊಳ್ಳಲು ಅವನು ಟೊಂಕ ಕಟ್ಟಿದನು. ಹಳೆಯ ತಗಡಿನ ಡಬ್ಬಿಗಳು ಅವನಿಗೆ ಎರಕದ ಅಚ್ಚುಗಳಾದವು. ಚಕ್ರದಿಂದ ಕಳಚಿದ ಒಂದು ಹಳೆಯ ಕಡ್ಡಿಯೇ ಸೂಕ್ಷ್ಮ ಅಳತೆಯ ಸಾಧನವಾಯಿತು. ಹಳೆಯ ಕಬ್ಬಿಣದ ಕೊಳವೆಗಳಿಂದ ಸಿಲಿಂಡರುಗಳು ಹುಟ್ಟಿದವು. ಟ್ರ್ಯಾಕ್ಟರಿನ ಅಚ್ಚುಗಂಬಿಯ ಉಕ್ಕಿನಿಂದ ಕನೆಕ್ಟಿಂಗ್ ರಾಡುಗಳು ರೂಪುಗೊಂಡವು. ಹೆಚ್ಚು ವೇಗಕ್ಕೆ ನುಣುಪಾದ ಟಯರು ಬೇಕೆನಿಸಿದಾಗ, ಸಾಧಾರಣ ಟಯರಿನ ಮೇಲಿನ ಗೆರೆಗಳನ್ನು ಅಡಿಗೆಮನೆಯ ಚಾಕುವಿನಿಂದ ಹೆರೆದು ತೆಗೆದನು.

ಇವುಗಳಲ್ಲಿ ಒಂದೊಂದು ಕೆಲಸವೂ ಎಷ್ಟು ಕಠಿಣವೆಂಬುದನ್ನು ಅರಿಯಲು ಪಿಸ್ಟನ್ನಿನ ಉದಾಹರಣೆಯೊಂದೇ ಸಾಕು. ಸಿಲಿಂಡರೆಂಬುದು ಒಂದು ಗಟ್ಟಿಯಾದ ಕೊಳವೆ; ಅದರೊಳಗೆ ಮೇಲೆ ಕೆಳಗೆ ಚಲಿಸುವ ಲೋಹದ ಬಿರಡೆಯೇ ಪಿಸ್ಟನ್. ಅದರ ನೆತ್ತಿಯ ಮೇಲೆ ಇಂಧನವು ಸಿಡಿದು ಉರಿಯುತ್ತದೆ. ಆ ಸಿಡಿತದ ಒತ್ತಡವೇ ಚಕ್ರವನ್ನು ತಿರುಗಿಸುವ ಶಕ್ತಿ. ನಿಮಿಷಕ್ಕೆ 5000 ಸುತ್ತು ತಿರುಗುವ ಎಂಜಿನ್ನಿನಲ್ಲಿ ಪಿಸ್ಟನ್ನು ಒಂದು ಸೆಕೆಂಡಿಗೆ ಸುಮಾರು 83 ಬಾರಿ ಮೇಲೇರಿ ಕೆಳಗಿಳಿಯುತ್ತದೆ. ಏರುವಾಗಲೊಮ್ಮೆ, ಇಳಿಯುವಾಗಲೊಮ್ಮೆ ಅದು ಪೂರ್ತಿಯಾಗಿ ನಿಂತು ದಿಕ್ಕನ್ನು ಬದಲಿಸಬೇಕು. ಭಾರವಾಗಿದ್ದರೆ ತನ್ನ ಭಾರದಿಂದಲೇ ಜಗ್ಗಾಡಿ ಎಂಜಿನ್ನನ್ನು ಒಡೆಯುತ್ತದೆ. ಹಗುರಾಗಿರಲೆಂದು ತೆಳುವಾಗಿ ಮಾಡಿದರೆ ಸಿಡಿತದ ಹೊಡೆತಕ್ಕೆ ತೂತಾಗುತ್ತದೆ. ಅದು ಹಗುರವಾಗಿಯೂ ಇರಬೇಕು, ಗಟ್ಟಿಯಾಗಿಯೂ ಇರಬೇಕು.

ಆದುದರಿಂದ ಪಿಸ್ಟನ್ನಿಗೆ ಅಲ್ಯುಮಿನಿಯಮ್ಮಿನ ಮಿಶ್ರಲೋಹವೇ ತಕ್ಕುದು. ಶುದ್ಧ ಅಲ್ಯುಮಿನಿಯಮ್ 660 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗುತ್ತದೆ. ಕರಗಿದ ಲೋಹವನ್ನು ಅಚ್ಚಿನೊಳಗೆ ಹೊಯ್ಯಬೇಕು. ಆಗ ಗಾಳಿಯ ಒಂದು ಸಣ್ಣ ಗುಳ್ಳೆ ಒಳಗೆ ಸೇರಿಕೊಂಡರೂ ಸಾಕು, ಎರಕವು ಕೆಟ್ಟಂತೆ. ಹೊರಗೆ ನುಣುಪಾಗಿ ಕಾಣುವ ಪಿಸ್ಟನ್ನಿನ ಒಳಗೆ ಆ ಗುಳ್ಳೆಯು ಕಳ್ಳನಂತೆ ಅಡಗಿರುತ್ತದೆ. ಲೋಹವು ಆರುವಾಗ ಕುಗ್ಗುತ್ತದೆ. ಆದ್ದರಿಂದ ಬೇಕಾದ ಅಳತೆಗಿಂತ ತುಸು ದೊಡ್ಡದಾಗಿ ಎರಕಹೊಯ್ದು, ಬಳಿಕ ಲೇತಿನ ಮೇಲೆ ತಿರುಗಿಸಿ ಸವೆಸಬೇಕು. ಇಲ್ಲಿಗೂ ಮುಗಿಯಲಿಲ್ಲ. ಕಾದಾಗ ಅಲ್ಯುಮಿನಿಯಮ್ ಕಬ್ಬಿಣಕ್ಕಿಂತ ಹೆಚ್ಚು ಹಿಗ್ಗುತ್ತದೆ. ತಣ್ಣಗಿರುವಾಗ ಸರಿಯಾಗಿ ಹೊಂದಿಕೊಂಡ ಪಿಸ್ಟನ್ನು ಬಿಸಿಯಾದಾಗ ಕಬ್ಬಿಣದ ಸಿಲಿಂಡರಿನೊಳಗೆ ಬಿಗಿದು ಕಚ್ಚಿಕೊಳ್ಳುತ್ತದೆ. ಸಡಿಲಬಿಟ್ಟರೆ ಒತ್ತಡವು ಸಂದಿಯಿಂದ ಸೋರಿಹೋಗುತ್ತದೆ. ಎಷ್ಟು ಸಂದಿ ಬಿಡಬೇಕೆಂಬುದು ಕೂದಲೆಳೆಯಷ್ಟು ಸೂಕ್ಷ್ಮವಾದ ಲೆಕ್ಕ. ದೊಡ್ಡ ಕಾರ್ಖಾನೆಗಳಲ್ಲಿ ಹಲವು ತಜ್ಞರು ಹಂಚಿಕೊಂಡು ಮಾಡುವ ಈ ಕೆಲಸವನ್ನು ಮನ್ರೋ ತನ್ನ ಶೆಡ್ಡಿನಲ್ಲಿ ಒಬ್ಬನೇ ಮಾಡಿದನು.

ಎಂಜಿನ್ನಿನ ಉಸಿರಾಟದ ಕಡೆಗೂ ಅವನ ಗಮನ ಹರಿಯಿತು. ಎಂಜಿನ್ನು ಗಾಳಿಯನ್ನು ಒಳಗೆ ಎಳೆದುಕೊಂಡು ಹೊಗೆಯನ್ನು ಹೊರಗೆ ಬಿಡುವುದು ಕವಾಟಗಳ ಮೂಲಕ. ಸ್ಕೌಟಿನಲ್ಲಿ ಕವಾಟಗಳು ಸಿಲಿಂಡರಿನ ಪಕ್ಕದಲ್ಲಿದ್ದವು. ಗಾಳಿಯು ಸುತ್ತಿಬಳಸಿ ಒಳಗೆ ಬರಬೇಕಾಗಿತ್ತು. ಮೂಗು ಕಟ್ಟಿದವನು ವೇಗವಾಗಿ ಓಡಬಲ್ಲನೇ? ಮನ್ರೋ ಆ ವ್ಯವಸ್ಥೆಯನ್ನೇ ಬದಲಿಸಿ, ಕವಾಟಗಳು ಸಿಲಿಂಡರಿನ ನೆತ್ತಿಯ ಮೇಲೆ ಬರುವಂತೆ ಮಾಡಿದನು. ಕೀಲೆಣ್ಣೆಯು ಹರಿಯುವ ದಾರಿಯನ್ನು ಹೊಸದಾಗಿ ರೂಪಿಸಿದನು. ಹೆಚ್ಚಿದ ಶಕ್ತಿಯನ್ನು ತಾಳಿಕೊಳ್ಳಲು 17 ತಟ್ಟೆಗಳ ಕ್ಲಚ್ಚನ್ನು ತಾನೇ ಕಟ್ಟಿದನು. ವರ್ಷಗಳು ಉರುಳಿದಂತೆ 600 ಘನ ಸೆಂಟಿಮೀಟರಿನ ಎಂಜಿನ್ನು ಹಂತಹಂತವಾಗಿ 950 ಘನ ಸೆಂಟಿಮೀಟರಿಗೆ ಬೆಳೆಯಿತು.

ಈ ಹಾದಿ ಸುಗಮವಾಗಿತ್ತೆಂದು ಭಾವಿಸಬಾರದು. ಪಿಸ್ಟನ್ನುಗಳು ಕರಗಿದವು. ರಾಡುಗಳು ಮುರಿದವು. ಕವಾಟಗಳು ಬಾಗಿದವು. ತಿಂಗಳುಗಟ್ಟಲೆ ಉಜ್ಜಿ ತೀಡಿದ ಭಾಗವು ಒಂದೇ ಓಟದಲ್ಲಿ ಚೂರಾದುದುಂಟು. ಬೇರೊಬ್ಬನಾಗಿದ್ದರೆ ಆ ಚೂರುಗಳನ್ನು ಗುಜರಿಗೆ ಎಸೆದು ಕೈಚೆಲ್ಲಿ ಕುಳಿತುಬಿಡುತ್ತಿದ್ದನು. ಮನ್ರೋ ಅವುಗಳನ್ನು ಎಸೆಯಲಿಲ್ಲ. ಶೆಡ್ಡಿನ ಗೋಡೆಯ ಕಪಾಟಿನಲ್ಲಿ ಒಂದರ ಪಕ್ಕದಲ್ಲೊಂದನ್ನು ಜೋಡಿಸಿಟ್ಟನು. ಅದರ ಮೇಲೆ ಹೀಗೆಂದು ಬರೆದನು: “ವೇಗದೇವತೆಗೆ ನೈವೇದ್ಯ.”

ಈ ಮಾತಿನಲ್ಲಿ ವಿನೋದವಿದೆ. ವಿನೋದಕ್ಕಿಂತ ಆಳವಾದುದೂ ಒಂದಿದೆ. ನೈವೇದ್ಯವೆಂಬುದು ನಷ್ಟವಲ್ಲ, ತಿಳಿದು, ಒಪ್ಪಿ, ಮನಸಾರೆ ಅರ್ಪಿಸಿದ ವಸ್ತು. ಮುರಿದ ಭಾಗವು ಎಲ್ಲಿ ಮುರಿಯಿತು, ಒಳಗೆ ಗುಳ್ಳೆಯಿತ್ತೇ, ತೆಳುವಾಯಿತೇ, ಶಾಖ ಹೆಚ್ಚಾಯಿತೇ ಎಂಬುದೆಲ್ಲ ಆ ಮುರುಕಿನಲ್ಲಿಯೇ ಬರೆದಿರುತ್ತದೆ. ಓದಬಲ್ಲವನಿಗೆ ಅದೊಂದು ಪುಸ್ತಕ. ಗೆದ್ದ ಬಹುಮಾನಗಳನ್ನು ಗಾಜಿನ ಕಪಾಟಿನಲ್ಲಿ ಇಡುವವರು ಬಹಳ ಮಂದಿ. ಸೋಲುಗಳನ್ನು ಎಲ್ಲರ ಕಣ್ಣಿಗೆ ಕಾಣುವಂತೆ ಇಟ್ಟುಕೊಂಡವರು ವಿರಳ. ಮನ್ರೋವಿನ ಕಪಾಟು ಅವನ ಪಾಠಶಾಲೆಯಾಗಿತ್ತು.

ಆದರೆ ಆ ದೇವತೆ ಲೋಹದ ಚೂರುಗಳಿಂದ ಮಾತ್ರವೇ ತೃಪ್ತಳಾಗಲಿಲ್ಲವೆಂಬುದನ್ನೂ ಹೇಳಬೇಕು. 1927ರಲ್ಲಿ ಮದುವೆಯಾಗಿದ್ದ ಮನ್ರೋವಿಗೆ ನಾಲ್ವರು ಮಕ್ಕಳಿದ್ದರು. 1940ರ ದಶಕದಲ್ಲಿ ಅವನ ದಾಂಪತ್ಯ ಮುರಿಯಿತು. ಆ ಬಳಿಕ ಅವನು ತನ್ನ ಯಂತ್ರಗಳಿದ್ದ ಶೆಡ್ಡಿನಲ್ಲಿಯೇ ವಾಸಮಾಡತೊಡಗಿದನು. ಬೀಳುಗಳಿಂದ ಮೈಮೇಲೆ ಗಾಯಗಳಾದವು. 1950ರ ದಶಕದ ಕೊನೆಯಲ್ಲಿ ಹೃದಯದ ಬೇನೆಯೂ ತಲೆದೋರಿತು. ಒಂದೇ ಗುರಿಯನ್ನು ಬೆನ್ನುಹತ್ತಿದವನು ಬಾಳಿನ ಬೇರೆ ಎಷ್ಟೋ ಸಂಗತಿಗಳನ್ನು ಹಿಂದೆ ಬಿಡಬೇಕಾಗುತ್ತದೆ. ಸಾಧಕರ ಜೀವನವನ್ನು ಓದುವಾಗ ಅವರು ಪಡೆದುದನ್ನು ಮಾತ್ರವಲ್ಲದೆ, ಅದಕ್ಕಾಗಿ ತೆತ್ತುದನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ನಮ್ಮ ತಿಳಿವಳಿಕೆ ಪೂರ್ಣವಾಗುತ್ತದೆ.

ಇನ್ವರ್‌ಕಾರ್ಗಿಲ್ಲಿನ ಬಳಿ ಓರೆಟಿ ಎಂಬ ಉದ್ದನೆಯ ಕಡಲತೀರವಿದೆ. ಅಲೆ ಹಿಂದಕ್ಕೆ ಸರಿದಾಗ ಒದ್ದೆ ಮರಳು ಗಟ್ಟಿಯಾದ ನೆಲದಂತಾಗುತ್ತದೆ. ಅದೇ ಮನ್ರೋವಿನ ಪರೀಕ್ಷಾಂಗಣ. 1940ರಲ್ಲಿ ಅವನು ಗಂಟೆಗೆ 120.8 ಮೈಲಿ ವೇಗದಲ್ಲಿ ಓಡಿ ನ್ಯೂಜಿಲೆಂಡಿನ ದಾಖಲೆಯನ್ನು ಸ್ಥಾಪಿಸಿದನು. 1957ರಲ್ಲಿ ಕಡಲತೀರದ ಓಟದಲ್ಲಿ 131.38 ಮೈಲಿಯ ವೇಗವನ್ನು ಮುಟ್ಟಿದನು. ಆದರೆ ತನ್ನ ಯಂತ್ರದ ಪೂರ್ಣ ಸಾಮರ್ಥ್ಯವನ್ನು ಅಳೆಯಲು ಆ ತೀರವು ಸಾಲದೆಂದು ಅವನಿಗೆ ತೋರಿತು. ಕಣ್ಣು ಬಾನ್ನೆವಿಲ್ಲಿನತ್ತ ಹರಿಯಿತು.

ಬಾನ್ನೆವಿಲ್ ಒಂದು ವಿಚಿತ್ರವಾದ ಭೂಪ್ರದೇಶ. ಬಹು ಪ್ರಾಚೀನ ಕಾಲದಲ್ಲಿ ಅಲ್ಲಿ ವಿಶಾಲವಾದ ಸರೋವರವಿತ್ತು. ಅದು ಬತ್ತಿದಾಗ ಉಪ್ಪಿನ ಪದರ ಉಳಿಯಿತು. ಚಳಿಗಾಲದಲ್ಲಿ ಅದರ ಮೇಲೆ ತೆಳುವಾಗಿ ನೀರು ನಿಲ್ಲುತ್ತದೆ; ಬೇಸಗೆಯಲ್ಲಿ ಆ ನೀರು ಆರಿ, ನೆಲವು ಒರೆದು ಸಮಮಾಡಿದಂತೆ ಚಪ್ಪಟೆಯಾಗುತ್ತದೆ. ಗಿಡವಿಲ್ಲ, ದಿಣ್ಣೆಯಿಲ್ಲ, ಕಣ್ಣು ಹಾಯುವಷ್ಟು ದೂರ ಬೆಳ್ಳಗಿನ ಬಯಲು. ಅದರ ಮೇಲೆ ಎಳೆದ ಒಂದು ಕಪ್ಪು ಗೆರೆಯೇ ಓಟಗಾರನಿಗೆ ದಾರಿ. ಅಲ್ಲಿ ಓಟಗಾರನು ಇನ್ನೊಬ್ಬನೊಡನೆ ಸ್ಪರ್ಧಿಸುವುದಿಲ್ಲ, ಕಾಲದೊಡನೆ ಸ್ಪರ್ಧಿಸುತ್ತಾನೆ. ಅಳೆದು ಗುರುತುಮಾಡಿದ ಒಂದು ಮೈಲಿಯನ್ನು ದಾಟಲು ಎಷ್ಟು ಸೆಕೆಂಡು ಬೇಕಾಯಿತೆಂಬುದೇ ಲೆಕ್ಕ. ಒಮ್ಮೆ ಹೋಗಿ, ಮತ್ತೊಮ್ಮೆ ಎದುರು ದಿಕ್ಕಿನಿಂದ ಹಿಂದಿರುಗಿ, ಎರಡರ ಸರಾಸರಿಯನ್ನು ತೆಗೆಯುತ್ತಾರೆ. ಬೆನ್ನ ಹಿಂದಿನಿಂದ ಬೀಸುವ ಗಾಳಿಯ ಉಪಕಾರ ಯಾರಿಗೂ ಸಲ್ಲಬಾರದೆಂಬುದೇ ಇದರ ಉದ್ದೇಶ.

ಗಾಳಿಯ ಮಾತು ಬಂದಿತು. ವೇಗವಾಗಿ ಸಾಗುವ ವಾಹನಕ್ಕೆ ದೊಡ್ಡ ಶತ್ರು ಗಾಳಿಯೇ. ವೇಗವು ಇಮ್ಮಡಿಯಾದರೆ ಗಾಳಿಯ ತಡೆ ನಾಲ್ಮಡಿಯಾಗುತ್ತದೆ. ಅದನ್ನು ಗೆಲ್ಲಲು ಬೇಕಾಗುವ ಎಂಜಿನ್ನಿನ ಶಕ್ತಿ ಎಂಟುಮಡಿಯಾಗುತ್ತದೆ. ಗಂಟೆಗೆ 55 ಮೈಲಿ ಓಡುತ್ತಿದ್ದ ಸ್ಕೌಟನ್ನು 183 ಮೈಲಿಯ ವೇಗದಲ್ಲಿ ಓಡಿಸಬೇಕಾದರೆ, ಅದರ ಆಕಾರ ಹಾಗೆಯೇ ಉಳಿದಲ್ಲಿ, ಗಾಳಿಯನ್ನು ಸೀಳುವುದಕ್ಕೇ ಸುಮಾರು 37 ಪಟ್ಟು ಶಕ್ತಿ ಬೇಕಾಗುತ್ತಿತ್ತು. ಎಂಜಿನ್ನಿನ ಗಾತ್ರವಾದರೋ ಬೆಳೆದದ್ದು ಒಂದೂವರೆ ಪಟ್ಟಿಗಿಂತ ತುಸು ಹೆಚ್ಚು ಮಾತ್ರ. ಉಳಿದ ಕೊರತೆಯನ್ನು ಎಲ್ಲಿಂದ ತುಂಬುವುದು? ಎಂಜಿನ್ನು ಸರಾಗವಾಗಿ ಉಸಿರಾಡುವಂತೆ ಮಾಡಿದ್ದರಿಂದ ಒಂದಷ್ಟು ತುಂಬಿತು. ಭಾಗಗಳು ಗಟ್ಟಿಯಾಗಿ ಹೆಚ್ಚಿನ ಸುತ್ತುಗಳನ್ನು ತಾಳಿಕೊಂಡದ್ದರಿಂದ ಒಂದಷ್ಟು ತುಂಬಿತು. ಇನ್ನುಳಿದುದಕ್ಕಾಗಿ ಅವನು ಯಂತ್ರಕ್ಕೂ ತನಗೂ ಸೇರಿ ಒಂದು ಮೀನಿನಾಕಾರದ ಕವಚವನ್ನು ತೊಡಿಸಿದನು. ನೀರಿನಲ್ಲಿ ಮೀನು ನುಸುಳುವಂತೆ ಅದು ಗಾಳಿಯಲ್ಲಿ ನುಸುಳಬೇಕಾಗಿತ್ತು.

1962ರಲ್ಲಿ ಮನ್ರೋ ತನ್ನ ಯಂತ್ರವನ್ನು ಹಡಗಿನಲ್ಲಿ ಸಾಗಿಸಿ ಬಾನ್ನೆವಿಲ್ಲಿಗೆ ಓಡಲು ಬಂದನು. ಆಗ ಅವನ ವಯಸ್ಸು 63. ಯಂತ್ರದ ವಯಸ್ಸು 42. ಅವನ ಸುತ್ತ ಹೊಸ ಹೊಸ ಯಂತ್ರಗಳು, ತರುಣ ಓಟಗಾರರು. ನರೆಗೂದಲಿನ ಈ ಮುದುಕನೂ, ತಗಡಿನ ಡಬ್ಬಿಗಳಲ್ಲಿ ಎರಕಹೊಯ್ದ ಭಾಗಗಳ ಅವನ ಯಂತ್ರವೂ ಅಲ್ಲಿ ಒಂದು ಸೋಜಿಗ. ಆದರೆ ಉಪ್ಪಿನ ಬಯಲು ವಯಸ್ಸನ್ನು ಕೇಳುವುದಿಲ್ಲ. ಗಂಟೆಗೆ 178.95 ಮೈಲಿ, ಎಂದರೆ 288 ಕಿಲೋಮೀಟರು ವೇಗದಲ್ಲಿ ಓಡಿ, 883 ಘನ ಸೆಂಟಿಮೀಟರಿನವರೆಗಿನ ಎಂಜಿನ್ನುಗಳ ವರ್ಗದಲ್ಲಿ ಅವನು ದಾಖಲೆಯನ್ನು ಸ್ಥಾಪಿಸಿದನು. 1966ರಲ್ಲಿ 1000 ಘನ ಸೆಂಟಿಮೀಟರಿನ ವರ್ಗದಲ್ಲಿಯೂ ದಾಖಲೆ ಅವನದಾಯಿತು.

1967ನೆಯ ಇಸವಿ ಅವನ ಸಾಧನೆಯ ಶಿಖರ. ಅಪಾಯದ ಶಿಖರವೂ ಹೌದು. ಆ ವರ್ಷ ಒಂದು ಓಟದ ನಡುವೆ, ಅರ್ಧ ದಾರಿಯನ್ನು ಕಳೆದಿದ್ದಾಗ ಯಂತ್ರವು ಅತ್ತಿತ್ತ ತೂರಾಡತೊಡಗಿತು. ವೇಗವನ್ನು ತಗ್ಗಿಸಲೆಂದು ಅವನು ಎದ್ದು ನೇರವಾಗಿ ಕುಳಿತನು. ಗಾಳಿಯು ಬಡಿದು ಅವನ ಕನ್ನಡಕವನ್ನು ಕಿತ್ತೊಗೆಯಿತು, ಕಣ್ಣು ಕಾಣದಾಯಿತು. ಯಂತ್ರ ಕಪ್ಪು ಗೆರೆಯನ್ನು ಬಿಟ್ಟು ದೂರ ಸರಿದು, ನೆಲದಲ್ಲಿ ನೆಟ್ಟಿದ್ದ ಉಕ್ಕಿನ ಗೂಟವೊಂದರಿಂದ ಕೂದಲೆಳೆಯ ಅಂತರದಲ್ಲಿ ಪಾರಾಯಿತು. ಕೊನೆಗೆ ಅವನು ಯಂತ್ರವನ್ನು ಉಪ್ಪಿನ ಮೇಲೆ ಒರಗಿಸಿ ಬೀಳಿಸಿ ನಿಲ್ಲಿಸಿದನು. ತರಚು ಗಾಯಗಳಷ್ಟೇ ಆದುದು ಅವನ ಅದೃಷ್ಟ. ಅಪಾಯವನ್ನು ಅವನು ಅರಿಯದವನಲ್ಲ. ಆದರೆ ಅವನ ಧೈರ್ಯ ಕುರುಡು ಧೈರ್ಯವಾಗಿರಲಿಲ್ಲ. ತಾನು ಕುಳಿತ ಯಂತ್ರದ ಒಂದೊಂದು ಭಾಗವನ್ನೂ ಸ್ವತಃ ಮಾಡಿ, ಮುರಿದು, ಮತ್ತೆ ಮಾಡಿದವನ ಧೈರ್ಯವಾಗಿತ್ತು.

ಅದೇ 1967ರಲ್ಲಿ ಮನ್ರೋ 1000 ಘನ ಸೆಂಟಿಮೀಟರಿನ ವರ್ಗದಲ್ಲಿ ಗಂಟೆಗೆ 183.59 ಮೈಲಿಯ, ಎಂದರೆ 295.45 ಕಿಲೋಮೀಟರಿನ ಹೊಸ ದಾಖಲೆಯನ್ನು ಸ್ಥಾಪಿಸಿದನು. ಅರ್ಹತೆಗಾಗಿ ಓಡಿದ ಒಂದು ದಿಕ್ಕಿನ ಓಟದಲ್ಲಿ 190.07 ಮೈಲಿಯ ವೇಗವನ್ನೂ ಮುಟ್ಟಿದ್ದನು. 1920ರಲ್ಲಿ ಒಂದು ಮೈಲಿಯನ್ನು ಕ್ರಮಿಸಲು ಒಂದು ನಿಮಿಷಕ್ಕಿಂತ ಹೆಚ್ಚು ಕಾಲ ತೆಗೆದುಕೊಳ್ಳುತ್ತಿದ್ದ ಯಂತ್ರವು, 47 ವರ್ಷಗಳ ತರುವಾಯ ಅದನ್ನು 20 ಸೆಕೆಂಡಿನೊಳಗೆ ಕ್ರಮಿಸಿತು. ವಯಸ್ಸಾದಂತೆ ಯಂತ್ರಗಳು ನಿಧಾನವಾಗುವುದು ಲೋಕದ ನಿಯಮ. ಈ ಯಂತ್ರ ವಯಸ್ಸಾದಂತೆ ವೇಗವನ್ನು ಪಡೆಯಿತು.

ಈ ದಾಖಲೆಗೆ ಒಂದು ಸ್ವಾರಸ್ಯವಾದ ಉತ್ತರಕಥೆಯುಂಟು. ಮನ್ರೋವಿನ ಮಗನು ಅನೇಕ ವರ್ಷಗಳ ಬಳಿಕ 1967ರ ದಾಖಲೆಯ ಲೆಕ್ಕದಲ್ಲಿ ಒಂದು ತಪ್ಪನ್ನು ಗುರುತಿಸಿದನು. ಅಮೆರಿಕದ ಮೋಟಾರು ಸೈಕಲ್ ಸಂಘವು ಅದನ್ನು ಪರಿಶೀಲಿಸಿ, ಸರಾಸರಿಯು 183.586 ಅಲ್ಲ, 184.087 ಮೈಲಿ ಎಂದು 2014ರಲ್ಲಿ ತಿದ್ದಿತು. ತಾನು ತೀರಿಕೊಂಡು 36 ವರ್ಷಗಳಾದ ಮೇಲೆ ಮನ್ರೋ ತನ್ನ ದಾಖಲೆಯನ್ನು ತಾನೇ ಮುರಿದಂತಾಯಿತು! ಅಂತರ ಅರ್ಧ ಮೈಲಿಯಷ್ಟೇ. ಆದರೆ ಒಂದೊಂದು ಮೈಲಿಗಾಗಿ ವರ್ಷಗಟ್ಟಲೆ ಲೋಹವನ್ನು ಉಜ್ಜಿದವನ ಪಾಲಿಗೆ ಅರ್ಧ ಮೈಲಿ ಅಲ್ಪವಾದುದಲ್ಲ.

ಮನ್ರೋ 1978ರ ಜನವರಿ 6ರಂದು ತನ್ನ ಊರಿನಲ್ಲಿಯೇ ನಿಧನನಾದನು. 2005ರಲ್ಲಿ ಅವನ ಬಾಳನ್ನು ಆಧರಿಸಿದ ಚಲನಚಿತ್ರವೊಂದು ತೆರೆಗೆ ಬಂದು, ಅವನ ಹೆಸರನ್ನು ಜಗತ್ತಿಗೆಲ್ಲ ಪರಿಚಯಿಸಿತು. 2006ರಲ್ಲಿ ಅಮೆರಿಕದ ಮೋಟಾರು ಸೈಕಲ್ ಸಂಘವು ಅವನ ಹೆಸರನ್ನು ತನ್ನ ಕೀರ್ತಿಶಾಲಿಗಳ ಪಟ್ಟಿಗೆ ಸೇರಿಸಿತು. ಅವನು ಕಟ್ಟಿದ ಯಂತ್ರವನ್ನು ಇನ್ವರ್‌ಕಾರ್ಗಿಲ್ಲಿನ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಕಾಣಬಹುದು. ಮೊಳೆ, ಸುತ್ತಿಗೆ, ಅರಗಳ ನಡುವೆ ಅದು ನಿಂತಿರುವುದು ಎಷ್ಟು ಉಚಿತ! ಅಂಥ ಸಾಧನಗಳಿಂದಲೇ ಅಲ್ಲವೇ ಅದು ಹುಟ್ಟಿದ್ದು?

ಮನ್ರೋ ಯಾವ ಹೊಸ ತತ್ತ್ವವನ್ನೂ ಕಂಡುಹಿಡಿಯಲಿಲ್ಲ. ಎರಕ, ಅರ, ಲೇತು ಇವೆಲ್ಲ ಅವನಿಗಿಂತ ಮೊದಲೇ ಇದ್ದವು. ನೆತ್ತಿಯ ಕವಾಟವೂ ಇದ್ದಿತು. ಅವನಲ್ಲಿದ್ದ ವಿಶೇಷವೆಂದರೆ, ಒಂದು ವಸ್ತುವನ್ನು ಪೂರ್ತಿಯಾಗಿ ಬಲ್ಲವನಾಗುವವರೆಗೂ ಅದನ್ನು ಬಿಡದ ನಿಷ್ಠೆ. ಹೊಸ ಯಂತ್ರಗಳು ಬಂದವು, ಹೋದವು. ಅವನು ತನ್ನ ಹಳೆಯ ಸ್ಕೌಟನ್ನು ಬಿಡಲಿಲ್ಲ. ಅದರ ಬಹುತೇಕ ಭಾಗಗಳು ಬದಲಾದವು; ಬದಲಾದ ಭಾಗಗಳೆಲ್ಲ ಅವನ ಕೈಯಲ್ಲಿ ಹುಟ್ಟಿದವು. ಕೊನೆಗೆ ಆ ಯಂತ್ರದಲ್ಲಿ ಕಾರ್ಖಾನೆಯ ಪಾಲಿಗಿಂತ ಅವನ ಬಾಳಿನ ಪಾಲೇ ಹೆಚ್ಚಾಗಿತ್ತು. ಆ ಬಾಳಿನ ಸಾರವನ್ನು ತಿಳಿಯಲು ದಾಖಲೆಯ ಅಂಕಿಗಳಿಗಿಂತ, ಶೆಡ್ಡಿನ ಗೋಡೆಯ ಮೇಲಿದ್ದ ಆ ಮುರುಕು ಲೋಹದ ಸಾಲೇ ಹೆಚ್ಚು ನೆರವಾಗುತ್ತದೆ.

ಪದಗಳ ಅರ್ಥ

ಅಚ್ಚುಗಂಬಿ – ಎರಡು ಚಕ್ರಗಳನ್ನು ಕೂಡಿಸುವ ಗಟ್ಟಿ ಸಲಾಕೆ
ಅರ – ಲೋಹವನ್ನು ಉಜ್ಜಿ ಸವೆಸುವ ಉಪಕರಣ
ಎರಕ – ಕರಗಿದ ಲೋಹವನ್ನು ಅಚ್ಚಿಗೆ ಹೊಯ್ದು ಆಕಾರ ಕೊಡುವುದು
ಕವಾಟ – ಬಾಗಿಲು. ಗಾಳಿ ಮೊದಲಾದುವನ್ನು ಬಿಡುವ, ತಡೆಯುವ ಮುಚ್ಚಳ
ಕೀಲೆಣ್ಣೆ – ಯಂತ್ರದ ಭಾಗಗಳು ಸವೆಯದಂತೆ ಹಾಕುವ ಎಣ್ಣೆ
ಲೇತು – ವಸ್ತುವನ್ನು ತಿರುಗಿಸುತ್ತ ಕಡೆಯುವ ಯಂತ್ರ
ಬಿರಡೆ – ಮುಚ್ಚಳ, ಬೆಣೆ
ಸೋಜಿಗ – ಆಶ್ಚರ್ಯ

ಅಭ್ಯಾಸ

ಅ) ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
1. ‘ಹಾಟ್ ರಾಡ್’ ಎಂದರೇನು?
2. ಮನ್ರೋ ಎರಕದ ಅಚ್ಚುಗಳಾಗಿ ಏನನ್ನು ಬಳಸಿದನು?
3. ಬಾನ್ನೆವಿಲ್ಲಿನಲ್ಲಿ ಎರಡು ದಿಕ್ಕಿನ ಓಟಗಳ ಸರಾಸರಿಯನ್ನು ತೆಗೆಯುವುದೇಕೆ?
4. 2014ರಲ್ಲಿ ಯಾವ ತಿದ್ದುಪಡಿ ನಡೆಯಿತು?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ಪಿಸ್ಟನ್ನನ್ನು ಕೈಯಿಂದ ತಯಾರಿಸುವುದರಲ್ಲಿರುವ ಕಷ್ಟಗಳಾವುವು?
2. ಮುರಿದ ಭಾಗಗಳನ್ನು ಮನ್ರೋ ಏನು ಮಾಡಿದನು? ಅದರಿಂದ ಅವನ ಸ್ವಭಾವದ ಯಾವ ಗುಣ ತಿಳಿಯುತ್ತದೆ?
3. ಯಂತ್ರಕ್ಕೆ ಮೀನಿನಾಕಾರದ ಕವಚವನ್ನು ತೊಡಿಸಲು ಕಾರಣವೇನು?

ಇ) ಸಂದರ್ಭದೊಡನೆ ವಿವರಿಸಿರಿ.
1. “ಓದಬಲ್ಲವನಿಗೆ ಅದೊಂದು ಪುಸ್ತಕ.”
2. “ಉಪ್ಪಿನ ಬಯಲು ವಯಸ್ಸನ್ನು ಕೇಳುವುದಿಲ್ಲ.”

ಈ) ಭಾಷಾಭ್ಯಾಸ
1. ಬಿಡಿಸಿ, ಸಂಧಿಯನ್ನು ಹೆಸರಿಸಿರಿ: ಚಳಿಗಾಲ, ಕೈಯಲ್ಲಿ, ಅದೊಂದು.
2. ಸ್ವಂತ ವಾಕ್ಯಗಳಲ್ಲಿ ಪ್ರಯೋಗಿಸಿರಿ: ಟೊಂಕ ಕಟ್ಟು, ಕೈಚೆಲ್ಲು, ಬೆನ್ನುಹತ್ತು.

ಉ) ಚಟುವಟಿಕೆ
ನಿಮ್ಮ ಊರಿನಲ್ಲಿ ಲೋಹದ ಕೆಲಸ ಮಾಡುವವರನ್ನು ಭೇಟಿಮಾಡಿ, ಅವರು ಬಳಸುವ ಉಪಕರಣಗಳ ಹೆಸರುಗಳನ್ನೂ, ಒಂದು ಕೆಲಸ ಕೆಟ್ಟಾಗ ಅದರ ಕಾರಣವನ್ನು ಅವರು ಕಂಡುಕೊಳ್ಳುವ ರೀತಿಯನ್ನೂ ಕೇಳಿ ತಿಳಿದು ಬರೆಯಿರಿ.